ಫ್ರಾಂಕ್ಲಿನ್ ಲಾವಣಿ ಮತ್ತು ಅದು ಹಾಡದ ಸಾವುಗಳು

ಊರಿಗೆ ಮರಳುತ್ತಿರುವ ಹಡಗಿನಲ್ಲಿ ನಾವಿಕನೊಬ್ಬ ಕನಸು ಕಾಣುತ್ತಾನೆ. ಉತ್ತರ ಧ್ರುವ ಪ್ರದೇಶದ ಹಿಮದಲ್ಲಿ ಕಣ್ಮರೆಯಾದ ಫ್ರಾಂಕ್ಲಿನ್‌ನ ಕನಸು, ಅವನಿಗಾಗಿ ಹಂಬಲಿಸುವ ಹೆಂಡತಿಯ ಕನಸು. 'ಲೇಡಿ ಫ್ರಾಂಕ್ಲಿನ್ಸ್ ಲ್ಯಾಮೆಂಟ್' ಎಂಬ ಈ ಇಂಗ್ಲಿಷ್ ಲಾವಣಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬೀದಿಯಲ್ಲಿ ಮಾರುವ ಬಿಡಿಹಾಳೆಯಾಗಿ ಹುಟ್ಟಿತು. ಅದರ ಧಾಟಿ ಎಷ್ಟು ಕಾಡುವಂಥದ್ದೆಂದರೆ, 1963ರಲ್ಲಿ ಬಾಬ್ ಡಿಲನ್ ಅದಕ್ಕೆ ತನ್ನದೇ ಕನಸಿನ ಹಾಡನ್ನು ಕೂರಿಸಿದ.

ಹಾಡಿನ ಶಕ್ತಿಯಿರುವುದು ಅದರ ಅರಿಯದಿರುವಿಕೆಯಲ್ಲಿ. ಸರ್ ಜಾನ್ ಫ್ರಾಂಕ್ಲಿನ್ ವಾಯವ್ಯ ಜಲಮಾರ್ಗ ಹುಡುಕಲು 'ಎರೆಬಸ್', 'ಟೆರರ್' ಹಡಗುಗಳೊಂದಿಗೆ ಹೊರಟದ್ದು 1845ರ ಮೇ ತಿಂಗಳಲ್ಲಿ. ವರ್ಷಗಳು ಕಳೆದರೂ ಸುದ್ದಿಯಿಲ್ಲ. ಹೆಂಡತಿ ಜೇನ್ ಹುಡುಕಾಟಕ್ಕೆ ಹಣ ಸುರಿದಳು. ಗತಿಯೇನಾಯಿತೆಂದು ಯಾರಿಗೂ ತಿಳಿಯದ ಆ ದಿನಗಳ ನೋವನ್ನು ಲಾವಣಿ ಪ್ರಾಮಾಣಿಕವಾಗಿ ಹಿಡಿದಿದೆ.

ಆದರೆ ಹಾಡುವವನು ನಾವಿಕ. ತನ್ನಂಥ ನಾವಿಕರ ಬಗ್ಗೆ ಅವನು ಹೇಳುವುದು ತೀರಾ ಕಡಿಮೆ. ಸತ್ತವರು ಒಟ್ಟು 129 ಮಂದಿ. ಬೀಚಿ ದ್ವೀಪದಲ್ಲಿ ಮೊದಲ ಚಳಿಗಾಲದಲ್ಲೇ ಮಣ್ಣಾದ ಜಾನ್ ಟೋರಿಂಗ್ಟನ್, ಜಾನ್ ಹಾರ್ಟ್‌ನೆಲ್, ವಿಲಿಯಂ ಬ್ರೇನ್ ಅವರಿಗೆ ಹಾಡಿನಲ್ಲಿ ಹೆಸರಿಲ್ಲ. ದುಃಖವೆಲ್ಲ ದೊಡ್ಡ ಮನೆಯ ಕಡೆಗೇ ಹರಿದುಬಿಟ್ಟಿದೆ.

ನಿಜದ ಕಥೆ ಒಂದೇ ಹಾಳೆಯಲ್ಲಿ ಉಳಿದುಬಂದಿದೆ. 1859ರಲ್ಲಿ ಕಿಂಗ್ ವಿಲಿಯಂ ದ್ವೀಪದ ಕಲ್ಲುಗುಪ್ಪೆಯಲ್ಲಿ ಸಿಕ್ಕ ನೌಕಾಪಡೆಯ ಅಚ್ಚಾದ ನಮೂನೆ ಅದು. 1847ರ ಮೇ 28ರ ಒಕ್ಕಣೆಯಲ್ಲಿ ಎಲ್ಲರೂ ಕ್ಷೇಮ. ಅದೇ ಹಾಳೆಯ ಅಂಚಿನ ಸುತ್ತ 1848ರ ಏಪ್ರಿಲ್ 25ರಂದು ಇಕ್ಕಟ್ಟಿನಲ್ಲಿ ಬರೆದದ್ದು ಬೇರೆಯೇ: ಫ್ರಾಂಕ್ಲಿನ್ 1847ರ ಜೂನ್ 11ರಂದು ತೀರಿಕೊಂಡ, ಒಟ್ಟು 24 ಮಂದಿ ಸತ್ತಿದ್ದಾರೆ, ಹಿಮದಲ್ಲಿ ಸಿಕ್ಕಿಕೊಂಡ ಹಡಗುಗಳನ್ನು ಬಿಟ್ಟು ಉಳಿದ 105 ಮಂದಿ ದಕ್ಷಿಣಕ್ಕೆ ನಡೆಯಲಿದ್ದೇವೆ. ಹೆಂಡತಿ ಮೊರೆಯಿಡುತ್ತಿದ್ದ ಹೊತ್ತಿಗೆ ಗಂಡ ಸತ್ತು ವರ್ಷಗಳೇ ಆಗಿದ್ದವು.

ಮುಂದೇನಾಯಿತೆಂಬುದನ್ನು ಅಲ್ಲಿನ ಇನುಯಿಟ್ ಜನ ಬಲ್ಲರು. ಹಸಿವಿನಿಂದ ಸಾಯುತ್ತಿದ್ದವರು ಕೊನೆಗೆ ಸತ್ತವರ ಮಾಂಸ ತಿಂದರೆಂದು ಅವರು ಹೇಳಿದ್ದನ್ನು ಅನ್ವೇಷಕ ಜಾನ್ ರೇ 1854ರಲ್ಲಿ ಲಂಡನ್ನಿಗೆ ಮುಟ್ಟಿಸಿದ. ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಯಲ್ಲಿ ಆ ಜನರ ಮಾತು ನಂಬಲರ್ಹವಲ್ಲವೆಂದು ಬರೆದ. ಅಷ್ಟು ದೊಡ್ಡ ಲೇಖಕನಿಂದ ಬಂದ ಆ ಅನ್ಯಾಯವನ್ನು ಓದುವಾಗ ಇವತ್ತಿಗೂ ಸಂಕಟವಾಗುತ್ತದೆ. ಮುಂದೆ ಸಿಕ್ಕ ನಾವಿಕರ ಮೂಳೆಗಳ ಮೇಲಿನ ಕತ್ತಿಯ ಗೀರುಗಳು ಇನುಯಿಟರ ಮಾತನ್ನೇ ಎತ್ತಿಹಿಡಿದವು. 'ಎರೆಬಸ್'ನ ಕ್ಯಾಪ್ಟನ್ ಜೇಮ್ಸ್ ಫಿಟ್ಜ್‌ಜೇಮ್ಸ್‌ನ ದವಡೆಯ ಮೇಲೂ ಅಂಥ ಗುರುತುಗಳಿದ್ದವು. ಅದು ಅವನದೇ ಎಂದು ಡಿಎನ್‌ಎ ಪರೀಕ್ಷೆಯಿಂದ 2024ರಲ್ಲಿ ಖಚಿತವಾಯಿತು. 2014ರಲ್ಲಿ 'ಎರೆಬಸ್' ಸಿಕ್ಕಿದ್ದು ಇನುಯಿಟ್ ಹಿರಿಯರು ಹೇಳುತ್ತ ಬಂದ ಕಡೆಯಲ್ಲೇ. 2016ರಲ್ಲಿ 'ಟೆರರ್' ಸಿಕ್ಕಿದ್ದಕ್ಕೂ ಸ್ಯಾಮಿ ಕೊಗ್ವಿಕ್ ಎಂಬ ಇನುಯಿಟ್ ಕೊಟ್ಟ ಸುಳಿವೇ ಕಾರಣ.

ಅಚ್ಚರಿಯೆಂದರೆ ಆ ಹಿಮವನ್ನು ಬಲ್ಲವರು ಇನುಯಿಟರೆಂಬುದರ ಸುಳಿವು ಲಾವಣಿಯಲ್ಲೇ ಇದೆ. ಆ ಹಿಮಸಮುದ್ರವನ್ನು ದಾಟಬಲ್ಲವನು ಚರ್ಮದ ದೋಣಿಯ ಸ್ಥಳೀಯನೊಬ್ಬನೇ ಎಂಬ ಮಾತು ಇಂದು ಹಾಡುವ ಪಾಠದಲ್ಲಿದೆ. ಆದರೆ ಹಾಡು ಅಲ್ಲಿ ತಡೆದು ನಿಲ್ಲದೆ ಮತ್ತೆ ಫ್ರಾಂಕ್ಲಿನ್‌ನತ್ತ ಹೊರಳಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಲಾವಣಿಯಲ್ಲಿ ಚರಿತ್ರೆಯ ತೂಕವಿರುವುದು ಚರ್ಮದ ದೋಣಿಯ ಆ ಸಾಲಿಗೆ. ಗಾಯಕರು ಅದನ್ನು ಮುಂದಿನ ಪ್ರಲಾಪಕ್ಕೆ ಮೆಟ್ಟಿಲೆಂಬಂತೆ ಹಾರಿಸಿಕೊಂಡು ಹೋಗದೆ, ಫ್ರಾಂಕ್ಲಿನ್‌ನ ಹೆಸರಿಗೆ ಕೊಡುವಷ್ಟೇ ಉಸಿರು ಕೊಟ್ಟು ಹಾಡಬೇಕು.