ಗುಡ್ಡವಿಲ್ಲದ ಸೀಮೆಯ ಚಂದ್ರೋದಯ

ಜೇವರ್ಗಿಯಲ್ಲಿ ಕುಳಿತು, ನಾಯಿಯೊಡನೆ ಗುಡ್ಡವೇರಿ ಚಂದ್ರೋದಯ ಕಂಡಂತೆ ಪದ್ಯ ಬರೆದವರಲ್ಲಿ ನಾನೂ ಒಬ್ಬ. ಗುಡ್ಡ ಕುವೆಂಪು ಅವರಿಂದ ತಂದ ಕಡ, ನಾಯಿಯೂ ಅಷ್ಟೆ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮತ್ತೆ ಓದಿದಾಗ ನಾಚಿಕೆಯಾಯಿತು. ಅಲ್ಲಿಯ ಹುಲಿಯ ಅಲಂಕಾರದ ನಾಯಿಯಲ್ಲ. ಗುತ್ತಿಯೊಡನೆ ಕಾಡು ಅಲೆದು, ಕೊನೆಗೆ ತುಂಬಿದ ತುಂಗೆಯ ಪಾಲಾಗುತ್ತದೆ. ಆ ನಾಡಿನ ಏರಿಳಿತವೆಲ್ಲ ಅದರ ಕಾಲಿಗೆ ಗೊತ್ತು. ನನ್ನ ಪದ್ಯದ ನಾಯಿಗೆ ಏನು ಗೊತ್ತಿತ್ತು?

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ಚಂದ್ರನಿಗೆ ಮರೆ ಕಡಿಮೆ. ಹುಣ್ಣಿಮೆಯಂದು ಇತ್ತ ಹೊತ್ತು ಮುಳುಗುತ್ತಲೇ ಅತ್ತ ಜೋಳದ ಹೊಲದಂಚಿನಿಂದ ಕೆಂಪಗೆ, ಇಡಿಯಾಗಿ ಏಳುತ್ತಾನೆ. ಮಲೆನಾಡಿನಲ್ಲಿ ಬೆಟ್ಟ ದಾಟಿ ಬರುವಷ್ಟರಲ್ಲಿ ಆ ಕೆಂಪು ಆರಿರುತ್ತದೆ. ಇಲ್ಲಿ ಹತ್ತಬೇಕಾದದ್ದು ಹೊಲದ ಒಡ್ಡೊಂದೇ (ನಾಯಿ ನಮಗಿಂತ ಮೊದಲೇ ಹತ್ತಿ ನಿಂತಿರುತ್ತದೆ!). ಆ ಒಡ್ಡಿನ ಪದ್ಯವನ್ನು ನಾನಿನ್ನೂ ಬರೆದಿಲ್ಲ.