ಮೋಲ್ಡಿಗೆ ಕೆರೆ, ಕಂಬಕ್ಕೆ ಚೊಂಬು ನೀರು

ಮನೆಗೆ ಮೋಲ್ಡ್ ಹಾಕಿದ ಮರುದಿನ ತಾರಸಿಯ ಮೇಲೆ ಗಾರೆಯಿಂದ ಸಣ್ಣ ಬದು ಕಟ್ಟಿ, ಒಂದೊಂದು ಮಡಿಯಲ್ಲೂ ಎರಡು ಅಂಗುಲ ನೀರು ನಿಲ್ಲಿಸುತ್ತಾರೆ. ನಮ್ಮ ಕಟ್ಟಡ ಕೆಲಸದಲ್ಲಿ ಇಷ್ಟು ಸರಳವಾಗಿದ್ದೂ ಇಷ್ಟು ಸರಿಯಾಗಿರುವ ಪದ್ಧತಿ ಕಡಿಮೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಂದಿಗೆ ಕೂಡಿ ಹೊಸ ಪದಾರ್ಥವಾಗುತ್ತ ಗಟ್ಟಿಯಾಗುತ್ತದೆ. ತೇವ ಆರಿದರೆ ಆ ಕ್ರಿಯೆಯೂ ನಿಂತಂತೆ. ರಸಾಯನಶಾಸ್ತ್ರ ಓದದ ಮೇಸ್ತ್ರಿಗೂ ಇದು ಗೊತ್ತು, ಅದಕ್ಕೇ ಮಡಿ ಬತ್ತಲು ಬಿಡುವುದಿಲ್ಲ.

ಅದೇ ಸೈಟಿನಲ್ಲಿ ಒಂದು ಮಹಡಿ ಕೆಳಗಿಳಿದು ಕಂಬಗಳನ್ನು ನೋಡಬೇಕು. ಹಲಗೆ ಬಿಚ್ಚಿ ಗೋಣಿಚೀಲ ಸುತ್ತಿರುತ್ತಾರೆ, ಅದೂ ಸುತ್ತಿದ್ದರೆ. ಬೆಳಿಗ್ಗೆ ವಾಚ್‌ಮನ್ ಪೈಪು ಹಿಡಿದು ನೆನೆಸುತ್ತಾನೆ. ಮಧ್ಯಾಹ್ನ ಮುಟ್ಟಿದರೆ ಚೀಲ ಗರಿಗರಿ. ಸಂಜೆ ಮತ್ತೊಂದು ಸಲ ನೀರು, ಹಾಜರಿ ಹಾಕಿದ ಹಾಗೆ. ಇಡೀ ಮನೆಯ ಭಾರ ಇಳಿಯುವುದು ಈ ಕಂಬಗಳ ಮೇಲೆ. ಹೀಗೆ ಬೇಗ ಒಣಗಿದ ಕಾಂಕ್ರೀಟಿನಲ್ಲಿ ಹೆಚ್ಚು ಕೆಡುವುದು ಹೊರಪದರ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯಬೇಕಾದದ್ದೂ ಅದೇ ಪದರ. ಮೂಲೆಗಳಿಗೆ ಎರಡು ಕಡೆಯಿಂದ ಗಾಳಿ ಬಿಸಿಲು ತಾಗುವುದರಿಂದ ಅವು ಇನ್ನೂ ಬೇಗ ಒಣಗುತ್ತವೆ. ನೆನೆಸಿದ ಗೋಣಿಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿದರೆ ಸಾಕು, ತೇವ ಉಳಿಯುತ್ತದೆ. ಹಾಳೆಗೆ ಎಷ್ಟು ಮಹಾ ದುಡ್ಡು?

ಇನ್ನು ದಿನಗಳ ಲೆಕ್ಕ. 28 ದಿನಕ್ಕೆ ಕಾಂಕ್ರೀಟ್ 'ಪೂರ್ತಿ' ಆಗುತ್ತದೆಂಬುದು ಬಹಳ ಜನರ ನಂಬಿಕೆ. ಅದು ಪರೀಕ್ಷೆಗೆ ಇಟ್ಟುಕೊಂಡ ಗಡುವು ಅಷ್ಟೆ. ಎಂ20 ಎಂದರೆ 150 ಮಿಲಿಮೀಟರಿನ ಘನ 28ನೇ ದಿನ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕು ಎಂದರ್ಥ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಅದರ ಮೂರನೇ ಎರಡರಷ್ಟು ಮೊದಲ ವಾರದಲ್ಲೇ ಬರುತ್ತದೆ; ತೇವ ಇದ್ದರೆ 28ರ ನಂತರವೂ ತಿಂಗಳುಗಟ್ಟಲೆ ಬಲ ಏರುತ್ತಲೇ ಇರುತ್ತದೆ.

ಸೆಂಟ್ರಿಂಗ್ ಬಿಚ್ಚುವಾಗ ಈ ಲೆಕ್ಕ ತಪ್ಪಿದರೆ ಅಪಾಯ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿಯ ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಆಸರೆ 7 ದಿನ ಇರಬೇಕು, ಅದಕ್ಕಿಂತ ಅಗಲವಾದರೆ 14. ಬೀಮಿಗೆ 6 ಮೀಟರ್‌ವರೆಗೆ 14, ಮೇಲ್ಪಟ್ಟರೆ 21. ಆದರೆ ಈ ಪಟ್ಟಿ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅದೂ ಉಷ್ಣತೆ 15 ಡಿಗ್ರಿಗಿಂತ ಇಳಿಯದಿದ್ದರೆ. ಮನೆ ಕಟ್ಟುವವರು ಇಂದು ಅಂಗಡಿಯಿಂದ ತರುವುದು ಹೆಚ್ಚಾಗಿ ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟು. ಅದರಲ್ಲಿರುವ ಹಾರುಬೂದಿ, ಸಿಮೆಂಟಿನಿಂದ ಸುಣ್ಣ ಹೊರಬಂದ ಮೇಲೆ ನಿಧಾನವಾಗಿ ಕೆಲಸ ಶುರುಮಾಡುತ್ತದೆ. 53 ದರ್ಜೆಯ ಸಾಮಾನ್ಯ ಸಿಮೆಂಟಿಗೆ 7ನೇ ದಿನ ಚದರ ಮಿಲಿಮೀಟರಿಗೆ ಕನಿಷ್ಠ 37 ನ್ಯೂಟನ್ ಬಲ ಬೇಕೆನ್ನುವ ಸಿಮೆಂಟಿನ ಮಾನಕಗಳು, ಪಿಪಿಸಿಗೆ ಕೇಳುವುದು 22 ಮಾತ್ರ. ಪಿಪಿಸಿ ಕೆಟ್ಟದ್ದೆಂದಲ್ಲ, ಅದಕ್ಕೆ ಹೆಚ್ಚು ದಿನ ನೀರು ಬೇಕು: ಕನಿಷ್ಠ 10 ದಿನ, ಕಲಬುರಗಿ, ರಾಯಚೂರಿನಂಥ ಒಣ ಬಿಸಿಲಲ್ಲಿ 14. ಆದರೂ ಜಾಕಿ ತೆಗೆಯುವುದು ಹಳೆಯ ಲೆಕ್ಕದಲ್ಲೇ.

ಮೇಸ್ತ್ರಿಯೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಬೇರೆ ಸಿಮೆಂಟಾದರೆ ಆಸರೆಯ ಅವಧಿಯನ್ನು ತಕ್ಕಂತೆ ಬದಲಿಸಿಕೊಳ್ಳಿ ಎಂದು ಹೇಳಿ ಐಎಸ್ 456 ಕೈತೊಳೆದುಕೊಂಡಿದೆ. ಮೂವತ್ತು ನಲವತ್ತರ ಸೈಟಿನಲ್ಲಿ ಬದಲಿಸುವವರು ಯಾರು? ಎಂಜಿನಿಯರ್ ಬಂದುಹೋಗುವುದೇ ಕಾಂಕ್ರೀಟ್ ಹಾಕುವ ದಿನ.

ನೀರೂ ಮೊದಲಿನಂತೆ ಸಲೀಸಾಗಿ ಸಿಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಟ್ಯಾಂಕರಿಗೆ ದುಡ್ಡು ಕೊಡುವುದು ಮಾಲೀಕ, ನೀರು ಹಾಕಿಸುವುದು ಗುತ್ತಿಗೆದಾರ, ಪೈಪು ಹಿಡಿಯುವುದು ವಾಚ್‌ಮನ್. ಚದರಡಿ ಲೆಕ್ಕದ ಕರಾರುಪತ್ರಗಳಲ್ಲಿ ಟೈಲ್ಸಿನ, ನಲ್ಲಿಯ ಕಂಪನಿ ಹೆಸರು ಬರೆದಿರುತ್ತದೆ. ಕಂಬಕ್ಕೆ ಯಾರು, ಎಷ್ಟು ದಿನ ನೀರು ಹಾಕಬೇಕೆಂದು ಬರೆದದ್ದನ್ನು ನಾನಂತೂ ನೋಡಿಲ್ಲ.