ಜಾಲಿ ಕೀಳುವ ಹದ

ಪಾಳುಬಿದ್ದ ಹೊಲವನ್ನು ಹಸನು ಮಾಡುವ ಮಾತು ಬಳ್ಳಾರಿ ಸೀಮೆಯಲ್ಲಿ ಈಚೆಗೆ ಜೆಸಿಬಿಯ ಬಾಡಿಗೆಗೆ ಬಂದು ನಿಲ್ಲುತ್ತದೆಯೇ ಹೊರತು, ಬೇರನ್ನು ಎಷ್ಟು ಆಳದಲ್ಲಿ ಕಡಿಯಬೇಕೆಂಬ ಮೂಲ ಪ್ರಶ್ನೆಯನ್ನು ಎತ್ತುವವರು ವಿರಳ. ಬಳ್ಳಾರಿ ಜಾಲಿ, ಅಂದರೆ ಸಸ್ಯಶಾಸ್ತ್ರದ ಪ್ರೊಸೋಪಿಸ್ ಜೂಲಿಫ್ಲೋರಾ, ಈ ಊರಿನ ಹೆಸರು ಹೊತ್ತಿದ್ದರೂ ಅಮೆರಿಕ ಖಂಡದ ಮರ. 1877ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳು ಜಮೈಕಾದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬೆಳೆಸಿದ್ದು ದೇಶದಲ್ಲಿ ಅದರ ಆರಂಭದ ನೆಡುತೋಪುಗಳಲ್ಲಿ ಒಂದು. ಕಾಂಡವು ಬೇರಾಗುವ ಸಂದಿನಲ್ಲಿ, ಮಣ್ಣಿನೊಳಗೆ ಅಡಗಿರುವ ಸುಪ್ತ ಮೊಗ್ಗುಗಳಲ್ಲಿ ಇದರ ಜೀವವಿರುವುದರಿಂದ, ನೆಲಮಟ್ಟಕ್ಕೆ ಕಡಿದಷ್ಟೂ ಚಿಗುರು ಹೆಚ್ಚುತ್ತದೆ. ಸುಮಾರು 30 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿದರೆ ಮಾತ್ರ ಮರ ಸಾಯುತ್ತದೆ.

ಯಂತ್ರಪಕ್ಷದವರ ವಾದ ಇಲ್ಲಿಯೇ ಸೋಲುತ್ತದೆ. ಒಂದಡಿ ಅಗೆಯಬೇಕಾದಲ್ಲಿ ಯಂತ್ರವು ನಾಲ್ಕಡಿ ಬಗೆದು, ಎರೆಮಣ್ಣಿನ ತಳದಲ್ಲಿರುವ ಸುಣ್ಣದ ಗರಸನ್ನು ಮೇಲಕ್ಕೆ ತಂದು, ಬಿತ್ತುವ ಪದರವನ್ನು ಕೆಳಗೆ ಹೂಳುತ್ತದೆ. ಕುರುಗೋಡಿನ ಮಳೆಯಾಶ್ರಿತ ಎರೆಹೊಲಗಳು ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಾಗುತ್ತವೆ, ಮಳೆಗಾಲದಲ್ಲಿ ಗಾಲಿ ಹೂತುಹೋಗುವಷ್ಟು ಮೆತ್ತಗಾಗುತ್ತವೆ; ಇವೆರಡರ ನಡುವೆ, ಮೊದಲ ಮಳೆಗಳ ಬಳಿಕ ದೊರೆಯುವ ಕೆಲವೇ ದಿನಗಳ ಹದದಲ್ಲಿ ಹಾರೆ ಗುದ್ದಲಿಗಳಿಂದ ಬುಡ ಬಿಡಿಸಿ, ಉಳಿದ ಎಳೆಯ ಸಸಿಗಳನ್ನು ಕುಂಟೆಗೆ, ಅಂದರೆ ಮಣ್ಣಿನಡಿ ಹರಿದು ಬೇರು ಕೊಯ್ಯುವ ಅಲಗಿನ ಸಾಧನಕ್ಕೆ, ಬಿಡುವುದೇ ಲೇಸು. ಸಿರುಗುಪ್ಪದ ಕಾಲುವೆ ಕೊನೆಯಂಚಿನ ಸವುಳು ನೆಲದ ಮಾತು ಬೇರೆ: ನೀರು ನಿಂತು ಉಪ್ಪೇರಿದ ಆ ಮಣ್ಣಿನಲ್ಲಿ ಜಾಲಿಯು ರೋಗವಾಗಿರದೆ ರೋಗದ ಲಕ್ಷಣವಾಗಿರುವುದರಿಂದ, ಬಸಿಗಾಲುವೆ ತೋಡದೆ ಮರ ಕಿತ್ತವರಿಗೆ ಬರಿಯ ಬೋಳು ನೆಲವೇ ಗತಿ. ಬಳ್ಳಾರಿ ನಗರದ ಖಾಲಿ ನಿವೇಶನದಲ್ಲಿ, ಉಳುಮೆಯ ಹಂಗಿಲ್ಲದ ಕಾರಣ, ಯಂತ್ರಕ್ಕೆ ಆಕ್ಷೇಪವಿಲ್ಲ. ಕಳೆನಾಶಕವನ್ನು ನಂಬಿದವರು, ಗ್ಲೈಫೊಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರಿಗಷ್ಟೇ ಸೀಮಿತಗೊಳಿಸಿದ್ದನ್ನು ನೆನಪಿಡಬೇಕು.

ಇವೆಲ್ಲಕ್ಕಿಂತ ಸ್ವಾರಸ್ಯಕರವಾದದ್ದು ಪಾಪಾಸುಕಳ್ಳಿಯ ಇತಿಹಾಸ. ಜಾಲಿಗಿಂತ ಮೊದಲು ದಕ್ಷಿಣ ಭಾರತದ ಬಯಲುಗಳನ್ನು ಮುಚ್ಚಿದ್ದ ಈ ಮುಳ್ಳುಗಳ್ಳಿಯ ಮೇಲೆ 1926ರಲ್ಲಿ ಸಿಂಹಳದಿಂದ ತಂದ ಕೊಚಿನೀಲ್ ಜಾತಿಯ ಹಿಟ್ಟುತಿಗಣೆಯನ್ನು ಬಿಡಲಾಯಿತು. ರಸ ಹೀರಿ ಬದುಕುವ ಆ ಪುಟ್ಟ ಕೀಟವು ಕೊಡಲಿ ಬೆಂಕಿಗಳಿಗೆ ಬಗ್ಗದ ಕಳ್ಳಿಯನ್ನು ಐದಾರು ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರುಗಳಲ್ಲಿ ಅಡಗಿಸಿತು. ಜಾಲಿಗೂ ಅಂಥದೊಂದು ಕೀಟ ಬರಲೆಂದು ಹಾರೈಸುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು: ದಕ್ಷಿಣ ಆಫ್ರಿಕದಲ್ಲಿ ಜಾಲಿಯ ಮೇಲೆ ಬಿಟ್ಟ ದುಂಬಿಗಳು ಬೀಜವನ್ನಷ್ಟೇ ತಿನ್ನುತ್ತವೆ, ಮರವನ್ನು ಮುಟ್ಟುವುದಿಲ್ಲ. ಮೇಲಾಗಿ ಇದೇ ಮರದ ಸೌದೆ ಮತ್ತು ಇದ್ದಿಲಿನಿಂದ ಒಲೆ ಉರಿಸುವ ಮನೆಗಳಿರುವಾಗ, ಮರವನ್ನೇ ನಿರ್ನಾಮ ಮಾಡುವ ಕೀಟವನ್ನು ತರುವುದು ವಿವೇಕವೂ ಅಲ್ಲ.

ಬೀಜದ ವಿಷಯದಲ್ಲಿ ರೈತರೇ ಎಸಗುವ ತಪ್ಪೊಂದಿದೆ. ಜಾಲಿಯ ಸಿಹಿಗಾಯಿ ತಿಂದ ಕುರಿ, ದನಗಳ ಹೊಟ್ಟೆಯಲ್ಲಿ ಗಟ್ಟಿ ಬೀಜವು ಕರಗದೆ, ಸಿಪ್ಪೆ ಮೆತ್ತಗಾಗಿ, ಹಿಕ್ಕೆ ಸಗಣಿಗಳೊಡನೆ ಹೊಲಕ್ಕೆ ಬಿದ್ದು ಮೊಳೆಯುತ್ತದೆ. ಆದ್ದರಿಂದ ಹಸನು ಮಾಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವವರು, ಹಿಂಡು ಹಿಂದಿನ ವಾರ ಎಲ್ಲಿ ಮೇಯ್ದಿತ್ತೆಂದು ಕುರಿಗಾರರನ್ನು ವಿಚಾರಿಸಿಯೇ ಒಳಗೆ ಬಿಟ್ಟುಕೊಳ್ಳಬೇಕು.